ಹಾಲಿನ ಕವರ್ ಬೇಕು, ಚಿಪ್ಸ್ ಪ್ಯಾಕೆಟ್ ಬೇಡ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)

ನಾನು ಎಂ.ಟೆಕ್. ಓದಿದ್ದು ಪಾಲಿಮರ್, ಅನ್ನ ತಿನ್ನುತ್ತಿರುವುದು ಸಾಫ್ಟ್‌ವೇರಿನಿಂದ. ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆಗೆಸಿದವರು ಇಲ್ಲಿ ಪುಣೆಯಲ್ಲಿ ನಮ್ಮ ಸೊಸೈಟಿಯ ಒಣಕಸ ಒಯ್ಯುವ ಮಾವಶಿ. ಒಂದು ಬೆಳಿಗ್ಗೆ ನನ್ನ ಚೀಲದಿಂದ ಹಾಲಿನ ಕವರುಗಳನ್ನು ಆರಿಸಿ ಬೇರೆ ಇಟ್ಟುಕೊಂಡರು. ಚಿಪ್ಸ್ ಪ್ಯಾಕೆಟ್ ಎತ್ತಿ ಹಿಡಿದು "ಹೇ ನಕೋ" ಅಂದರು. ಅದಕ್ಕೆ ಗುಜರಿಯಲ್ಲಿ ರೇಟಿಲ್ಲವಂತೆ. ಎರಡೂ ಪ್ಲಾಸ್ಟಿಕ್ಕೇ ಅಲ್ಲವೇ ಎಂದೆ. ನಕ್ಕು ಹೊರಟರು. ಉತ್ತರ ಗೊತ್ತಿರಬೇಕಾದವಳು ನಾನಲ್ಲವೇ!

ಹಾಲಿನ ಕವರ್ ಪಾಲಿಥೀನ್. ಎಥಿಲೀನ್ ಎಂಬ ಅನಿಲದ ಸಾವಿರಾರು ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದ ಸರಪಳಿ, ಶ್ಯಾವಿಗೆಯ ಎಳೆಯ ಹಾಗೆ. 1933ರಲ್ಲಿ ಇಂಗ್ಲೆಂಡಿನ ಐಸಿಐ ಪ್ರಯೋಗಾಲಯದಲ್ಲಿ ಇದು ಆಕಸ್ಮಿಕವಾಗಿ ಸಿಕ್ಕಿತು. ತುಂಬ ಒತ್ತಡದಲ್ಲಿ ತಯಾರಾಗುವ ಆ ಸರಪಳಿಗೆ ಅಲ್ಲಲ್ಲಿ ಕೊಂಬೆ ಒಡೆದಿರುತ್ತದೆ. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲೇ, ಕೊಂಬೆಯೇ ಇಲ್ಲವೆನ್ನುವಷ್ಟು ನೇರವಾದ ಸರಪಳಿ ಮಾಡುವ ದಾರಿ ಕಂಡುಕೊಂಡರು.

ಕೊಂಬೆ ಇದ್ದರೇನು, ಬಿಟ್ಟರೇನು? ತೆಂಗಿನಕಡ್ಡಿ ಪೊರಕೆಯನ್ನು ನೆನೆಸಿಕೊಳ್ಳಿ. ಕಡ್ಡಿಗಳು ನೇರ, ಒತ್ತಾಗಿ ಕೂರುತ್ತವೆ. ನುಗ್ಗೆಸೊಪ್ಪಿನ ಕಂತೆಯನ್ನು ಎಷ್ಟು ಬಿಗಿದು ಕಟ್ಟಿದರೂ ನಡುವೆ ಸಂದು ಉಳಿಯುತ್ತದೆ. ನೇರ ಸರಪಳಿಯ ಪಾಲಿಥೀನ್ ಪೊರಕೆಯ ಹಾಗೆ: ಗಟ್ಟಿ, ಮಬ್ಬು ಮಬ್ಬು, ಮುದುರಿದರೆ ಚರಪರ ಸದ್ದು, ಕರಗಲು ಸುಮಾರು 130 ಡಿಗ್ರಿ ಬೇಕು. ತರಕಾರಿ ಅಂಗಡಿಯ ತೆಳು ಕವರ್ ಇದೇ. (120 ಮೈಕ್ರಾನಿಗಿಂತ ತೆಳುವಾದ ಕೈಚೀಲಕ್ಕೆ 2022ರ ಕೊನೆಯಿಂದ ನಿಷೇಧವಿದೆ. ಆದರೂ ಸಿಗುತ್ತದೆ, ನಿಮಗೂ ಗೊತ್ತು.) ಕೊಂಬೆಯದ್ದು ಮೆತ್ತಗೆ, ಸದ್ದಿಲ್ಲ, ಸುಮಾರು 110 ಡಿಗ್ರಿಗೇ ಕರಗುತ್ತದೆ. ಹಾಲಿನ ಕವರಿಗೆ ಇದರ ಜೊತೆ ಇನ್ನೊಂದು ಬಗೆಯನ್ನೂ ಬೆರೆಸುತ್ತಾರೆ: ನೇರ ಸರಪಳಿ, ಅದಕ್ಕೆ ಗಿಡ್ಡ ಗಿಡ್ಡ ಕವಲು. ಆ ಬೆರಕೆಯಿಂದಲೇ ತುಂಬಿದ ಕವರ್ ಕೈಜಾರಿ ಬಿದ್ದರೂ ಸಾಮಾನ್ಯವಾಗಿ ಒಡೆಯುವುದಿಲ್ಲ, ಜಗ್ಗಿದರೆ ಹಿಗ್ಗುತ್ತದೆ.

ಮೂರೂ ಒಂದೇ ಮನೆತನ. ಕರಗಿಸಿದರೆ ಮತ್ತೆ ಗುಳಿಗೆ, ಮತ್ತೆ ಬಕೆಟ್ಟೋ ಪೈಪೋ ಆಗುತ್ತದೆ.

ಪಾಲಿಥೀನಿಗೆ ಒಂದು ದೌರ್ಬಲ್ಯ ಇದೆ. ನೀರನ್ನು ಚೆನ್ನಾಗಿ ತಡೆಯುತ್ತದೆ, ಗಾಳಿಯನ್ನೂ ವಾಸನೆಯನ್ನೂ ತಡೆಯುವುದಿಲ್ಲ. ಊರಿನಿಂದ ಅಮ್ಮ ಬರೀ ಪಾಲಿಥೀನಿನಲ್ಲಿ ಕಟ್ಟಿಕೊಟ್ಟ ಕಾಫಿಪುಡಿ ಪುಣೆ ಸೇರುವ ಹೊತ್ತಿಗೆ ನನ್ನ ಸೀರೆಗಳೆಲ್ಲ ಘಮ್ಮೆನ್ನುತ್ತಿದ್ದವು! ಚಿಪ್ಸಿನ ಎಣ್ಣೆಗೆ ಆಮ್ಲಜನಕ ತಾಗಿದರೆ ಕಮಟು. ಹಾಗಾಗಿ ಅಲ್ಲಿ ಪದರಗಳು ಬರುತ್ತವೆ. ಸಾಮಾನ್ಯವಾಗಿ ಹೊರಗೆ ಎರಡೂ ದಿಕ್ಕಿಗೆ ಎಳೆದ ಪಾಲಿಪ್ರೊಪಿಲೀನ್. ಎಳೆದಾಗ ಸರಪಳಿಗಳು ಸಾಲಾಗಿ ನಿಲ್ಲುವುದರಿಂದಲೇ ಅದು ಸುಲಭಕ್ಕೆ ಹರಿಯುವುದಿಲ್ಲ, ಒಮ್ಮೆ ಕಚ್ಚು ಬಿದ್ದರೆ ಮಾತ್ರ ಸರ್ರನೆ ಸೀಳುತ್ತದೆ. ಒಳಗೆ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತ ತೆಳುವಾದ ಅಲ್ಯುಮಿನಿಯಂ ಲೇಪ. ನಡುವೆ ಅಂಟಿಸಲು ಪಾಲಿಥೀನ್. ಕೆಲವದರಲ್ಲಿ ಪಾಲಿಯೆಸ್ಟರ್ ಕೂಡ.

ಕೆಲಸಕ್ಕೆ ಅದ್ಭುತ, ಗುಜರಿಗೆ ದಂಡ. ಪಾಲಿಥೀನೂ ಪಾಲಿಪ್ರೊಪಿಲೀನೂ ಕರಗಿದರೂ ಎಣ್ಣೆ ನೀರಿನ ಹಾಗೆ ಬೇರೆ ಬೇರೆಯೇ. ಆರಿದ ಮೇಲೆ ಸೇರಿದ ಜಾಗದಲ್ಲೇ ಬಿರುಕು. ಪಾಲಿಯೆಸ್ಟರ್ ಆ ಶಾಖಕ್ಕೆ ಕರಗುವುದೇ ಇಲ್ಲ, ಅನ್ನದಲ್ಲಿ ಕಲ್ಲಿನ ಹಾಗೆ ಉಳಿಯುತ್ತದೆ. ಮಾವಶಿ ಬೇಡ ಅಂದದ್ದು ಇದಕ್ಕೆ. ಒಂದೇ ಮನೆತನದ ಪದರಗಳ ಪ್ಯಾಕೆಟ್ಟುಗಳು ಈಗ ಬರತೊಡಗಿವೆ; ಕಂಪನಿಗಳು ಇನ್ನಷ್ಟು ಬೇಗ ಮಾಡಬಹುದಿತ್ತು ಎಂಬುದು ನನ್ನ ತಕರಾರು.

ಒಂದು ಮಾತು ಹೇಳಲೇಬೇಕು. ನಮ್ಮತ್ತೆ ಹಾಲಿನ ಕವರ್ ತೊಳೆದು, ಬಟ್ಟೆ ತಂತಿಗೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದರು. ಆಫೀಸಿನ ಗೆಳತಿಯರು ಬರುವ ದಿನ ನಾನು ಅವನ್ನೆಲ್ಲ ಕಿತ್ತು ಬಚ್ಚಿಟ್ಟಿದ್ದೇನೆ. ಅವರು ಮೂಲೆಯನ್ನು ಪೂರ್ತಿ ಕತ್ತರಿಸುತ್ತಲೂ ಇರಲಿಲ್ಲ, ತುಂಡು ಕವರಿಗೇ ನೇತಾಡುತ್ತಿತ್ತು. ಬೆರಳುಗುರಿನಷ್ಟು ತುಂಡನ್ನು ಯಾವ ಮಾವಶಿ ಆರಿಸಿಯಾರು? ಈಗ ತಂತಿಗೆ ಕ್ಲಿಪ್ ಹಾಕುವವಳು ನಾನು.

ಈ ಚೀಲದಲ್ಲಿ ನಾಲ್ಕು ಬಗೆಯ ಕವರ್ ತಂದಿದ್ದೇನೆ. ಊಟಕ್ಕೆ ಏಳುವ ಮುಂಚೆ ಒಂದೊಂದನ್ನೂ ಕಿವಿಯ ಹತ್ತಿರ ಮುದುರಿ, ಆಮೇಲೆ ಜಗ್ಗಿ ನೋಡಿ. ಯಾವುದು ಯಾವ ಮನೆತನ ಅಂತ ನೀವೇ ಹೇಳಿ.