ಕಾಡಿನೊಳಗೊಂದು ಮೂರು ಗೋಡೆಯ ಮನೆ



ಮೂರೇ ಗೋಡೆಗಳಿರುವ ಮನೆಯನ್ನು ನೀವು ನೋಡಿದ್ದೀರಾ? ನಾಲ್ಕನೆಯದನ್ನು ಕಟ್ಟಲು ಹಣ ಸಾಲಲಿಲ್ಲವೇನೋ ಎಂದುಕೊಳ್ಳಬೇಡಿ. ಅದನ್ನು ಬೇಕೆಂದೇ ಬಿಟ್ಟದ್ದು.

ಅಲಾಸ್ಕದ ಆಗ್ನೇಯ ಭಾಗದಲ್ಲಿ ಟಾಂಗಾಸ್ ಅರಣ್ಯವಿದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲೆಲ್ಲ ಇದೇ ದೊಡ್ಡದು. ಅದರೊಳಗಿನ ಅಡ್ಮಿರಾಲ್ಟಿ ದ್ವೀಪಕ್ಕೆ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಇಟ್ಟ ಹೆಸರಿಗೆ 'ಕರಡಿಗಳ ಕೋಟೆ' ಎಂದರ್ಥ. ಹೆಸರು ಸುಳ್ಳಲ್ಲ. ಅಲ್ಲಿ ಕಂದು ಕರಡಿಗಳು ಸುಮಾರು 1,600. ಅಂಗೂನ್ ಎಂಬ ಊರಿನ ಜನಸಂಖ್ಯೆ 500ಕ್ಕೂ ಕಡಿಮೆ!

1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಅಮೆರಿಕದ ಸರ್ಕಾರ ನಿರುದ್ಯೋಗಿಗಳಿಗಾಗಿ ಒಂದು ಅರಣ್ಯ ಕಾಮಗಾರಿ ದಳವನ್ನು ರಚಿಸಿತು. ಆ ದಳದವರು ಈ ದ್ವೀಪದ ಸರೋವರಗಳನ್ನು ಜೋಡಿಸಿ, ಸುಮಾರು 50 ಕಿಲೋಮೀಟರ್ ಉದ್ದದ ದೋಣಿದಾರಿ ಮಾಡಿದರು. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ದಾರಿಯುದ್ದಕ್ಕೂ ತಂಗಲು ಮರದ ದಿಮ್ಮಿಗಳ ಆಸರೆಮನೆಗಳನ್ನು ಕಟ್ಟಿದರು. ಕೆಲವಕ್ಕೆ ಮೂರೇ ಗೋಡೆ. ತೆರೆದ ಬದಿಯ ಮುಂದೆ ಬೆಂಕಿ ಹಾಕಿದರೆ ಶಾಖ ನೇರವಾಗಿ ಒಳಗೆ ಬರುತ್ತದೆ, ಹೊಗೆ ಹೊರಗೇ ಉಳಿಯುತ್ತದೆ.

ಮಳೆಯಲ್ಲಿ ನೆನೆದರೇನಾಯಿತು, ನಾವು ಮಲೆನಾಡಿನವರು ನೆನೆಯುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಚಿತ್ರೀಕರಣಕ್ಕೆಂದು ಆಗುಂಬೆಯಲ್ಲಿ ದಿನವಿಡೀ ನೆನೆದಿದ್ದೇನೆ, ನೆಗಡಿಯಾಯಿತು, ಅಷ್ಟೇ. ಅಲ್ಲಿಯ ಮಳೆಯೇ ಬೇರೆ. ಉಷ್ಣತೆ 5 ಡಿಗ್ರಿಯಿದ್ದಾಗ ಬಟ್ಟೆ ತೊಯ್ದರೆ ಗಾಳಿಯ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಜೊತೆಗೆ ಆವಿಯಾಗುವ ಪ್ರತಿ ಗ್ರಾಂ ನೀರೂ ಮೈಯಿಂದ ಸುಮಾರು 580 ಕ್ಯಾಲೊರಿ ಕದಿಯುತ್ತದೆ. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ನಡುಕ, ಆಮೇಲೆ ಮಂಕು. ದಾರಿ ಯಾವುದು ಎಂಬುದೇ ತಿಳಿಯದು. ಹಿಮ ಬೀಳದೆಯೂ ಮನುಷ್ಯ ಚಳಿಗೆ ಸಾಯಬಲ್ಲ. ಎರಡು ಥರ್ಮಾಮೀಟರ್ ತೆಗೆದುಕೊಂಡು ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಫ್ಯಾನಿನ ಮುಂದೆ ಹಿಡಿದು ನೋಡಿ. ಮಳೆಯಿಲ್ಲದ ದಿನ ಮಾಡಿ, ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಜೀವ ಉಳಿಸುವ ಮನೆಗೂ ಆಯಸ್ಸು ಉಂಟು. ಮಣ್ಣಿಗೆ ತಾಗಿದ ದಿಮ್ಮಿ ಸದಾ ಒದ್ದೆ. ಒದ್ದೆ ಮರ ಶಿಲೀಂಧ್ರಗಳಿಗೆ ಹಬ್ಬದೂಟ. 1980ರಲ್ಲಿ ದ್ವೀಪದ ಬಹುಭಾಗ ಕಾನೂನಿನ ಪ್ರಕಾರ 'ವನ್ಯಪ್ರದೇಶ'ವಾಯಿತು. ಮನುಷ್ಯನ ಗುರುತು ಆದಷ್ಟೂ ಇರಬಾರದು ಎಂಬುದು ಅಂಥ ಪ್ರದೇಶದ ತತ್ವ. ಹಾಗಾದರೆ ಕೊಳೆಯುತ್ತಿರುವ ಮನೆಯನ್ನು ಕಾಡಿಗೇ ಬಿಟ್ಟುಬಿಡಬೇಕೆ? ಅದೃಷ್ಟವಶಾತ್ ಅಲಾಸ್ಕದ ಕಾನೂನು, ಮೊದಲೇ ಇದ್ದ ಸಾರ್ವಜನಿಕ ಆಸರೆಮನೆಗಳ ದುರಸ್ತಿಗೆ ಅವಕಾಶ ಉಳಿಸಿತು. ಕೊಳೆತ ದಿಮ್ಮಿಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಮನೆಯೋ ಹೊಸದೋ ಎಂದು ಇತಿಹಾಸಕಾರರು ವಾದಿಸಬಹುದು. ನನ್ನ ಮತ ದುರಸ್ತಿಯ ಕಡೆಗೆ. ಸಂಜೆ ನಡುಗುತ್ತ ದೋಣಿಯಿಂದ ಇಳಿದವನು ಮೊದಲು ನೋಡುವುದು ಚಾವಣಿ ಸೋರುತ್ತಿದೆಯೇ ಎಂಬುದನ್ನು, ಮೂಲೆಯಲ್ಲಿ ಒಣ ಸೌದೆ ಇದೆಯೇ ಎಂಬುದನ್ನು.