ಜ್ವರವಿಲ್ಲದ ಜ್ವರದ ಚೀಟಿ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣ)



ಮಕ್ಕಳು ಶಾಲೆ ತಪ್ಪಿಸುವುದು ಮತ್ತು ಅದಕ್ಕಾಗಿ ಸುಳ್ಳು ಹೇಳುವುದು ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ಈ ವಿಷಯದಲ್ಲಿ ಮಕ್ಕಳನ್ನು ಬೈಯುವುದು ಸುಲಭ. ಆದರೆ ಮಕ್ಕಳು ಈಗ ಇಲ್ಲಿ ಇಲ್ಲ. ಇರುವವರು ನೀವು ಮತ್ತು ನಾವು. ಆದ್ದರಿಂದ ನಮ್ಮ ನಿಮ್ಮ ಪಾಲಿನದ್ದನ್ನೇ ಹೇಳುತ್ತೇನೆ.

ನನ್ನ ಮೇಜಿನೊಳಗೆ ರಜಾ ಚೀಟಿಗಳ ಒಂದು ಕಟ್ಟು ಇದೆ. ಅದನ್ನು ಓದಿದವರಿಗೆ ನಮ್ಮ ಊರಿನಷ್ಟು ಕಾಯಿಲೆ ಬೇರೆ ಯಾವ ಊರಿನಲ್ಲಿಯೂ ಇಲ್ಲವೆನಿಸಬೇಕು. ಹಿಂದಿನ ರಾತ್ರಿ ಬಯಲಾಟವಿದ್ದರೆ ಮರುದಿನ ಆರು ಮಂದಿಗೆ ತಲೆನೋವು. ಕೋಲ ನಡೆದರೆ ಹೊಟ್ಟೆನೋವು. ಅಡಿಕೆ ಕೊಯ್ಲಿನ ವಾರದಲ್ಲಿ ಜ್ವರ. ಒಬ್ಬ ಹುಡುಗನ ಅಜ್ಜಿಯಂತೂ ಒಂದೇ ವರ್ಷದಲ್ಲಿ ಎರಡು ಸಲ ತೀರಿಕೊಂಡರು. ಅದೇ ಅಜ್ಜಿ ಶಾಲಾ ವಾರ್ಷಿಕೋತ್ಸವಕ್ಕೆ ಬಂದು, ಮುಂದಿನ ಸಾಲಿನಲ್ಲಿ ಕುಳಿತು, ಮೊಮ್ಮಗನ ನಾಟಕ ನೋಡಿ ಸಂತೋಷಪಟ್ಟು ಹೋದರು. ಈಗ ಚೀಟಿಯ ಬದಲು ಮೊಬೈಲಿನಲ್ಲಿ ಸಂದೇಶ ಬರುವುದೂ ಉಂಟು. ಅದನ್ನು ತಂದೆ ಕಳಿಸಿದರೋ, ತಂದೆ ಸ್ನಾನಕ್ಕೆ ಹೋದಾಗ ಮಗ ಕಳಿಸಿದನೋ ನಮಗೆ ತಿಳಿಯದು.

ನಗುವ ಮಾತು ಹೌದು. ಆದರೆ ಆ ಚೀಟಿಗಳಲ್ಲಿ ಕೆಲವು ಮಾತ್ರ ಮಕ್ಕಳೇ ಬರೆದು ಸಹಿ ಹಾಕಿಕೊಂಡವು. ಉಳಿದವುಗಳ ಸಹಿ ನಿಮ್ಮದೇ. ಹಾಗಾಗಿ ನಗು ಅಲ್ಲಿಗೆ ನಿಲ್ಲಬೇಕಾಗುತ್ತದೆ.

ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಶಾಲೆಯಲ್ಲಿದ್ದೆ. ಅಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಏಳನೆಯ ತರಗತಿಯವರೆಗೆ ಒಂದು ದಿನವೂ ತಪ್ಪಿಸದವನು, ಆ ವರ್ಷ ಜುಲೈ ತಿಂಗಳಿನಿಂದ ವಾರಕ್ಕೆ ಎರಡು ದಿನ, ಮೂರು ದಿನ ಗೈರುಹಾಜರಾಗತೊಡಗಿದ. ಮರುದಿನ ತಪ್ಪದೆ ಚೀಟಿ ತರುತ್ತಿದ್ದ. ಜ್ವರ, ಹೊಟ್ಟೆನೋವು, ಮತ್ತೆ ಜ್ವರ. ಓಣಂ ರಜೆ ಮುಗಿದು ಕೆಲವು ದಿನಗಳಾದ ಮೇಲೆ ನಮ್ಮ ಸಹೋದ್ಯೋಗಿಯೊಬ್ಬರು ಅವನನ್ನು ಸಮವಸ್ತ್ರದಲ್ಲಿಯೇ ಬಸ್ ನಿಲ್ದಾಣದಲ್ಲಿ ಕಂಡರು. ಬೆಳಿಗ್ಗೆ ಮನೆಯಿಂದ ಬುತ್ತಿ ಹಿಡಿದು ಹೊರಟವನು ಸಂಜೆಯವರೆಗೆ ಅಲ್ಲಿಯೇ ಕುಳಿತು ಮನೆಗೆ ಹಿಂದಿರುಗುತ್ತಿದ್ದ. ಲೆಕ್ಕ ಹಾಕಿದಾಗ ಇಪ್ಪತ್ತೇಳು ದಿನಗಳಾಗಿದ್ದವು.

ನಾನು ತಾಯಿಯನ್ನು ಕರೆಸಿದೆ. "ನಿಮ್ಮ ಮಗ ಸುಳ್ಳುಗಾರನಾಗಿದ್ದಾನೆ" ಎಂದೆ. ಏಕೆ ಎಂದು ಅವನನ್ನು ಕೇಳುವ ಮೊದಲೇ ಹಾಗೆಂದೆ. ಅದು ನನ್ನ ತಪ್ಪು. ಇಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ತಾಯಿ ತಲೆ ತಗ್ಗಿಸಿ, "ಟೀಚರೇ, ಮೂರು ಚೀಟಿಗೆ ನಾನೇ ಸಹಿ ಹಾಕಿದ್ದೇನೆ. ಹೋಗುವುದಿಲ್ಲ ಎಂದು ಅತ್ತ. ನಿಜ ಬರೆದರೆ ನೀವು ಬೈಯುತ್ತೀರಿ ಎಂದು ಜ್ವರ ಎಂದು ಬರೆದೆ" ಎಂದರು. ಉಳಿದ ಚೀಟಿಗಳನ್ನು ಹುಡುಗನೇ ಬರೆದಿದ್ದ. ಅಮ್ಮನ ಚೀಟಿಯಿಂದ ಅವನು ಕಲಿತ ಪಾಠ ಅದು.

ಕಡೆಗೆ ಹುಡುಗನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಟೀಚರ್, ಗಣಿತ ಕ್ಲಾಸಿನಲ್ಲಿ ಕೂತರೂ ಒಂದೇ, ಬಸ್ ಸ್ಟ್ಯಾಂಡಿನಲ್ಲಿ ಕೂತರೂ ಒಂದೇ."

ಆ ವರ್ಷ ಕನ್ನಡ ಮಾಧ್ಯಮದ ಗಣಿತಕ್ಕೆ ಬಂದ ಅಧ್ಯಾಪಕರಿಗೆ ಕನ್ನಡ ಬರುತ್ತಿರಲಿಲ್ಲ. ನೇಮಕದ ಆದೇಶ ಕೊಟ್ಟ ಕಡೆಗೆ ಅವರು ಬಂದಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಹುಡುಗನಿಗೆ ಪಾಠ ತಿಳಿಯಲಿಲ್ಲ. ಕೇಳಿದ ಪ್ರಶ್ನೆಯೂ ತಿಳಿಯಲಿಲ್ಲ. ಒಂದು ದಿನ ಏನೋ ಉತ್ತರಿಸಿದ, ತರಗತಿ ನಕ್ಕಿತು. ಗಣಿತದ ಪೀರಿಯಡ್ ಇದ್ದ ದಿನವೆಲ್ಲ ಅವನಿಗೆ ಹೊಟ್ಟೆನೋವು ಬರತೊಡಗಿತು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ತಿಳಿಯದವರು ಬರುವುದು ಕಾಸರಗೋಡಿನವರಾದ ನಿಮಗೆ ಹೊಸ ಸುದ್ದಿಯಲ್ಲ.

ನಾವು ಕೆಲವರು ಸೇರಿ ಮನವಿ ಬರೆದು ಮೇಲಧಿಕಾರಿಗಳ ಬಳಿಗೆ ಹೋದೆವು. ಅವರು ಸಮಾಧಾನದಿಂದಲೇ ಕೇಳಿದರು. ಹಾಜರಿ ಪುಸ್ತಕ ಮತ್ತು ರಜಾ ಚೀಟಿಗಳನ್ನು ತರಿಸಿ ನೋಡಿದರು. ಆಮೇಲೆ, "ಟೀಚರೇ, ಇದರಲ್ಲೆಲ್ಲ ಜ್ವರ, ಹೊಟ್ಟೆನೋವು ಎಂದಿದೆ. ಪಾಠ ಅರ್ಥವಾಗದೆ ಮಕ್ಕಳು ಬರುತ್ತಿಲ್ಲ ಎನ್ನುವುದಕ್ಕೆ ನಿಮ್ಮಲ್ಲಿ ಒಂದು ಕಾಗದವಾದರೂ ಇದೆಯೇ?" ಎಂದು ಕೇಳಿದರು. ನಮ್ಮಲ್ಲಿ ಒಂದೂ ಇರಲಿಲ್ಲ. ಇಪ್ಪತ್ತೇಳು ದಿನದ ಗೈರುಹಾಜರಿಯಲ್ಲಿ ಒಂದು ದಿನದ ನಿಜವೂ ಬರಹದಲ್ಲಿರಲಿಲ್ಲ. ಆ ದಿನ ನಮ್ಮ ದೂರನ್ನು ಸೋಲಿಸಿದ್ದು ಅಧಿಕಾರಿಯಲ್ಲ, ನಮ್ಮದೇ ಚೀಟಿಗಳು.

ಮತ್ತೆ ಹೆತ್ತವರೆಲ್ಲ ಕುಳಿತು, ದಿನಾಂಕ ಹಾಕಿ, ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟರು. ಮುಂದಿನ ವರ್ಷ ಕನ್ನಡ ಬಲ್ಲ ಅಧ್ಯಾಪಕರು ಬಂದರು. ಆದರೆ ಆ ಹುಡುಗನಿಗೆ ತಪ್ಪಿಹೋದ ಗಣಿತ ಮತ್ತೆ ಕೈಗೆ ಬರಲಿಲ್ಲ. ನಮ್ಮ ಕಡೆ ತಪ್ಪಿದ ಪಾಠವನ್ನು ಕನ್ನಡದಲ್ಲಿ ಹೇಳಿಕೊಡುವ ಟ್ಯೂಷನ್ ಸಿಗುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿದೆ. ಹತ್ತನೆಯ ತರಗತಿಯವರೆಗೂ ಅವನು ಗಣಿತಕ್ಕೆ ಹೆದರಿಕೊಂಡೇ ಇದ್ದ.

ಹೆತ್ತವರೇ, ಗಡಿನಾಡಿನ ಶಾಲೆಯಲ್ಲಿ ಹಾಜರಿ ಪುಸ್ತಕವೆಂದರೆ ಬರೀ ಹಾಜರಿ ಪುಸ್ತಕವಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಆರನೆಯ ಕೆಲಸದ ದಿನ ಇರುವ ಮಕ್ಕಳ ಲೆಕ್ಕದ ಮೇಲೆಯೇ ಕೇರಳದಲ್ಲಿ ಅಧ್ಯಾಪಕರ ಹುದ್ದೆಗಳು ನಿಗದಿಯಾಗುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಕೆಳಗಿನ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಅಧ್ಯಾಪಕರು. 61 ಆದರೆ ಮೂವರು. ಒಂದು ಮಗುವಿನ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ. ಹಾಗೆಂದು ಬಾರದ ಮಕ್ಕಳಿಗೆ ಹಾಜರಿ ಹಾಕಿ ಹುದ್ದೆ ಉಳಿಸಿಕೊಳ್ಳೋಣ ಎಂದು ನಾನು ಹೇಳುವುದಿಲ್ಲ. ಅದೂ ಜ್ವರದ ಚೀಟಿಯಂಥದ್ದೇ ಸುಳ್ಳು. ಒಂದು ಸುಳ್ಳು ಹೊರಬಿದ್ದರೆ ನಮ್ಮ ನಿಜವಾದ ಮಕ್ಕಳ ಲೆಕ್ಕವನ್ನೂ ಯಾರೂ ನಂಬಲಾರರು.

ನಮ್ಮ ಸಂವಿಧಾನದ 350ನೆಯ ವಿಧಿ ಯಾವುದೇ ಕಷ್ಟದ ಪರಿಹಾರಕ್ಕಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೇರಿಸಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಹಕ್ಕು ಪುಸ್ತಕದಲ್ಲಿದೆ. ಅದನ್ನು ಕೇಳಲು ನಿಜವಾದ ದಾಖಲೆ ಬೇಕು. ಆ ದಾಖಲೆಯ ಮೊದಲ ಕಾಗದ ನೀವು ಮನೆಯಲ್ಲಿ ಬರೆಯುವ ರಜಾ ಚೀಟಿ.

ಗಾಂಧೀಜಿಯವರು ಆತ್ಮಕಥೆಯಲ್ಲಿ ತಮ್ಮ ರಾಜಕೋಟೆಯ ಹೈಸ್ಕೂಲಿನ ಒಂದು ಪ್ರಸಂಗ ಹೇಳಿದ್ದಾರೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಸಂಜೆ ನಾಲ್ಕಕ್ಕೆ ವ್ಯಾಯಾಮಕ್ಕೆ ಮತ್ತೆ ಹೋಗಬೇಕಿತ್ತು. ಅವರಲ್ಲಿ ಗಡಿಯಾರವಿರಲಿಲ್ಲ, ಮೋಡ ಕವಿದಿದ್ದರಿಂದ ಹೊತ್ತು ತಿಳಿಯಲಿಲ್ಲ. ಹೋಗುವಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ಮರುದಿನ ಮುಖ್ಯೋಪಾಧ್ಯಾಯರು ಕೇಳಿದಾಗ ಇದ್ದದ್ದನ್ನು ಹೇಳಿದರು. ಅವರು ನಂಬಲಿಲ್ಲ, ದಂಡ ಹಾಕಿದರು. ಸುಳ್ಳುಗಾರನೆನಿಸಿಕೊಂಡ ದುಃಖಕ್ಕೆ ಹುಡುಗ ಅತ್ತ. ಸತ್ಯ ಹೇಳುವವನು ಎಚ್ಚರದಿಂದಲೂ ಇರಬೇಕೆಂದು ಆಗ ತಿಳಿಯಿತಂತೆ. ಆಮೇಲೆ ಅವರ ತಂದೆಯೇ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ಶಾಲೆ ಬಿಟ್ಟ ಮೇಲೆ ಮಗ ಮನೆಯಲ್ಲಿ ತನಗೆ ಬೇಕಾಗಿದ್ದಾನೆ ಎಂದು ನಿಜವಾದ ಕಾರಣವನ್ನೇ ತಿಳಿಸಿದರು. ವ್ಯಾಯಾಮದಿಂದ ವಿನಾಯಿತಿ ಸಿಕ್ಕಿತು.

ಇದರಲ್ಲಿ ನಮ್ಮಂಥ ಅಧ್ಯಾಪಕರಿಗೂ ಪಾಠವಿದೆ, ತಂದೆ ತಾಯಿಗಳಿಗೂ ಪಾಠವಿದೆ. ಹತ್ತು ಸುಳ್ಳು ಕೇಳಿದ ನಾವು ಹನ್ನೊಂದನೆಯ ನಿಜವನ್ನು ನಂಬುವುದಿಲ್ಲ. ನಿಜವಾಗಿಯೂ ಮೈ ಸುಡುವ ಮಗು ಬಂದು ಹೇಳಿದಾಗ, "ಹೋಗಿ ಕೂತುಕೋ" ಎಂದು ಗದರಿದ್ದೂ ಇದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಬಯಲಾಟಕ್ಕೆ ಕರೆದುಕೊಂಡು ಹೋಗಿದ್ದರೆ ಬಯಲಾಟ ಎಂದೇ ಬರೆಯಿರಿ. ಅಡಿಕೆ ಹೆಕ್ಕಲು ಜನ ಸಿಗದೆ ನಿಲ್ಲಿಸಿಕೊಂಡಿದ್ದರೆ ಹಾಗೆಯೇ ಬರೆಯಿರಿ. ಅದು ಸರಿಯೋ ತಪ್ಪೋ ಎಂದು ನಾವು ಎದುರೆದುರು ಕುಳಿತು ಮಾತಾಡೋಣ. ಪಾಠ ತಿಳಿಯುವುದಿಲ್ಲ, ಯಾರೋ ಹೊಡೆಯುತ್ತಾರೆ, ಶಾಲೆಗೆ ಹೋಗಲು ಹೆದರಿಕೆ ಎಂದು ಮಗು ಹೇಳಿದರೆ ಅದನ್ನು ತಪ್ಪದೆ ಬರೆಯಿರಿ, ದಿನಾಂಕ ಹಾಕಿರಿ, ಒಂದು ಪ್ರತಿ ನಿಮ್ಮಲ್ಲಿರಲಿ. ಮಗು ತಾನೇ ಸಹಿ ಹಾಕಿದ್ದು ತಿಳಿದುಬಂದರೆ ಹೊಡೆಯುವ ಮೊದಲು, "ಏನಾಯಿತು ಮಗಾ?" ಎಂದು ಕೇಳಿರಿ.

ನನ್ನ ಕಡೆಯಿಂದಲೂ ಒಂದು ಮಾತು ಕೊಡುತ್ತೇನೆ. ನಿಜ ಬರೆದ ಚೀಟಿ ತಂದ ಮಗುವನ್ನು ತರಗತಿಯ ಎದುರು ನಾನು ಬೈಯುವುದಿಲ್ಲ. ಬೈದರೆ ಮುಂದಿನ ಸಭೆಯಲ್ಲಿ ಎದ್ದು ನಿಂತು ನನ್ನನ್ನು ಕೇಳಿರಿ.