ಶಿಖರದ ಗುರಿ, ಹೊಳೆಯ ಗುರಿ



ಮಳೆ ಬಿಟ್ಟೊಡನೆ ಮಣಿಪಾಲದ ವಿದ್ಯಾರ್ಥಿಗಳು ಬೆನ್ನಚೀಲ ಹೊತ್ತು ಹೊರಡುತ್ತಾರೆ. ಕಾಪುವಿನ ಕಡಲಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ, ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತನಾದ ಬಾಹುಬಲಿ, ಮಾಳದ ಘಾಟಿ ಏರಿದರೆ ಕುದುರೆಮುಖ. ಇವನ್ನು ಒಂದೊಂದಾಗಿ ಹತ್ತಿ ಮುಗಿಸುವುದು ಅನೇಕರ ಜೀವನದ ಗುರಿಗಳಲ್ಲಿ ಸೇರಿದೆ. ಈ ಆಸೆ ಸಹಜವಾದುದು, ಒಳ್ಳೆಯದು. ಆದರೆ ಹತ್ತಿ ಮುಗಿಸುವುದಷ್ಟೇ ಗುರಿಯಾದರೆ, ಇಳಿದ ಮರುದಿನ ಗುಡ್ಡದ ನೆನಪು ಛಾಯಾಚಿತ್ರದಲ್ಲಿ ಮಾತ್ರ ಉಳಿಯುತ್ತದೆ.

ವಾಸ್ತವದಲ್ಲಿ ಸಂಬಂಧ ಅಷ್ಟಕ್ಕೆ ಮುಗಿಯುವಂತಹುದಲ್ಲ. ಉಡುಪಿ-ಮಣಿಪಾಲದ ಕುಡಿಯುವ ನೀರಿಗೆ ದಶಕಗಳಿಂದ ಆಧಾರವಾಗಿರುವ ಸ್ವರ್ಣಾ ನದಿ ಹುಟ್ಟುವುದು ಕಾರ್ಕಳದ ಮೇಲಣ ಘಟ್ಟದಲ್ಲಿ. ಹಿರಿಯಡ್ಕದ ಬಜೆಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಲಾಗಿದೆ. 2019ರ ಮೇ ತಿಂಗಳಿನಲ್ಲಿ ಬಜೆಯಲ್ಲಿ ನೀರು ಬತ್ತಿ, ನಗರದ ಜನ ಟ್ಯಾಂಕರಿಗಾಗಿ ಕಾಯಬೇಕಾಯಿತು.

ಘಟ್ಟದ ನೆತ್ತಿಯ ಹುಲ್ಲುಗಾವಲು ಬೋಳುಗುಡ್ಡವಲ್ಲ. ಹುಲ್ಲಿನ ಬೇರುಗಳು ತೆಳುವಾದ ಮೇಲ್ಮಣ್ಣನ್ನು ಹಿಡಿದಿಡುತ್ತವೆ. ಕಣಿವೆಯ ಶೋಲಾ ಕಾಡಿನ ತರಗೆಲೆ ಮಳೆನೀರನ್ನು ತಡೆದು ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ. ಬೇಸಗೆಯ ಹೊಳೆಯಲ್ಲಿ ಹರಿಯುವುದು ಹೀಗೆ ಉಳಿದ ನೀರೇ. ಒದ್ದೆ ನೆಲವನ್ನು ನೂರಾರು ಬೂಟುಗಳು ತುಳಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಅಡ್ಡದಾರಿಯ ಹೆಜ್ಜೆಗಳು ಮುಂದಿನ ಮಳೆಗೆ ಕೊರಕಲಾಗುತ್ತವೆ. ಕೊಚ್ಚಿದ ಮಣ್ಣು ಕೆಳಗಿನ ತೋಡು-ಗದ್ದೆಗಳನ್ನು ಸೇರುತ್ತದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನೂ ಜನರ ಮಿತಿಯನ್ನೂ ವಿಧಿಸಿರುವುದನ್ನು ಕಿರಿಕಿರಿಯೆಂದು ಎಣಿಸಬಾರದು.

ಜೀವಕ್ಕೂ ಮಿತಿಯ ಅರಿವು ಬೇಕು. 2023ರ ಮಳೆಗಾಲದಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದ ಬಳಿ, ಮೊಬೈಲಿನಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಬಂಡೆಯಿಂದ ಜಾರಿದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಪಾಚಿಗಟ್ಟಿದ ಕಲ್ಲಿಗೆ ಹರೆಯದ ಧೈರ್ಯ ತಿಳಿಯದು. ಯಾವ ತೋಡು ಯಾವಾಗ ಉಕ್ಕುತ್ತದೆಂಬುದನ್ನು ಆ ಊರಿನವರು ಬಲ್ಲರು. ಅವರ ಮಾತು ಕೇಳಿ ನಡೆಯುವುದೂ ಚಾರಣದ ವಿದ್ಯೆಯೇ.

ಇದೇ ಜಿಲ್ಲೆಯ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1997ರಲ್ಲಿ ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಕಾಡು-ಗುಡ್ಡಗಳ ಅಲೆದಾಟ ಅವರಿಗೆ ಬಿಡುವಿನ ವಿನೋದವಷ್ಟೇ ಆಗಿರಲಿಲ್ಲ. ಅದು ‘ಬೆಟ್ಟದ ಜೀವ’ದಂತಹ ಕಾದಂಬರಿಗೆ ಒದಗಿತು, ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸುವಾಗಲೂ ಅವರ ಬೆನ್ನಿಗಿತ್ತು. ನೋಡಿದ ನೆಲದ ಹೊಣೆಯನ್ನು ಅವರು ಹೊತ್ತರು.

ವಿದ್ಯಾರ್ಥಿಗಳು ಗುರಿಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಬಹುದು: ಒಂದೇ ತೋಡನ್ನು ಆರಿಸಿಕೊಂಡು ಜೂನ್, ಅಕ್ಟೋಬರ್, ಜನವರಿ, ಏಪ್ರಿಲ್‌ಗಳಲ್ಲಿ ಅದರ ದಂಡೆಯಲ್ಲಿ ನಡೆಯುವುದು, ನೀರಿನ ಮಟ್ಟ, ಬಣ್ಣ, ಹರಿವು ನಿಂತ ದಿನ ಇವನ್ನು ಬರೆದಿಡುವುದು. ಐದು ವರ್ಷಗಳ ಇಂತಹ ಪುಸ್ತಕ ಗ್ರಾಮಸಭೆಯಲ್ಲಿ ಮಾತನಾಡಬಲ್ಲುದು. ಊರಿನ ಹಿರಿಯರು ಜೊತೆಗೆ ನಡೆದರೆ ಆ ತೋಡಿನ ಹಿಂದಿನ ಕಥೆಯೂ ಅದರಲ್ಲಿ ಸೇರೀತು. ಶಿಖರವನ್ನು ಒಮ್ಮೆ ಏರಿದರೆ ಸಾಕು. ಹೊಳೆಯ ಬಳಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.